ಕೊಡೆಗೆ ಹೆದರುವ ಕುದುರೆ

ನಮ್ಮ ಕರಾವಳಿಯಲ್ಲಿ ಕುದುರೆ ಡಾಕ್ಟರ್ ಅಂತ ಬೋರ್ಡ್ ಹಾಕಿದರೆ ಹೊಟ್ಟೆ ತುಂಬುವುದಿಲ್ಲ. ನನ್ನ ದಿನ ಹೋಗುವುದು ದನ, ನಾಯಿ, ಆಗೊಮ್ಮೆ ಈಗೊಮ್ಮೆ ಕಂಬಳದ ಕೋಣ. ಆದ್ರೂ ವರ್ಷಕ್ಕೆ ಏಳೆಂಟು ಸಲ ಕುದುರೆಗೆ ಅಂತ ಫೋನ್ ಬರುತ್ತದೆ. ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ಕುದುರೆ, ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಹೋಗುವ ಕುದುರೆ, ಆಸೆಗೆ ಅಂತ ತೋಟದ ಮನೆಗೆ ತಂದು ಕಟ್ಟಿದ ಕುದುರೆ. ಹೊಟ್ಟೆನೋವು, ಕುಂಟು ಬಿಟ್ಟರೆ ದೂರು ಒಂದೇ. "ಡಾಕ್ಟ್ರೇ, ಇದಕ್ಕೆ ಭಾರೀ ಹೆದರಿಕೆ. ಅಭ್ಯಾಸ ಮಾಡಿಸ್ತಾ ಇದ್ದೇವೆ, ಆದ್ರೂ ಜಾಸ್ತಿ ಆಗ್ತಾ ಉಂಟು."

ಈ 'ಅಭ್ಯಾಸ' ಅನ್ನುವ ಶಬ್ದ ಕೇಳಿದ ಕೂಡಲೇ ನನಗೆ ಮಂಡೆಬಿಸಿ.

ಯಾಕೆ ಅಂದ್ರೆ ಅದರ ಅರ್ಥ ಏನು ಅಂತ ನನಗೆ ಗೊತ್ತು. ಗರ್ನಾಲಿಗೆ, ಅಂದ್ರೆ ಭಾರೀ ಶಬ್ದದ ಸಿಡಿಮದ್ದಿಗೆ, ಹೆದರುವ ಕುದುರೆಯನ್ನು ಗರ್ನಾಲು ಬಿಡುವ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸಿರುತ್ತಾರೆ. ನಾಸಿಕ್ ಬ್ಯಾಂಡಿಗೆ ಹೆದರುವುದನ್ನು ಬ್ಯಾಂಡಿನವರ ಮಧ್ಯವೇ ಹಿಡಿದಿರುತ್ತಾರೆ. ಈಜು ಬರಲಿ ಅಂತ ಹುಡುಗನನ್ನು ಕೆರೆಗೆ ದೂಡುವ ಬುದ್ಧಿ ಇದು.

ಉಡುಪಿ ಹತ್ತಿರದ ಒಂದು ಅಡಿಕೆ ತೋಟದಲ್ಲಿ ಹೀಗೇ ಆಯಿತು. ಘಟ್ಟದ ಮೇಲಿಂದ ತಂದ ಬಿಳಿ ಹೆಣ್ಣು ಕುದುರೆ, ಹತ್ತು ವರ್ಷದ ಆಸುಪಾಸು, ಗುಣದಲ್ಲಿ ಬಂಗಾರ. ಆದರೆ ಕೊಡೆ ಕಂಡರೆ ಆಗುವುದಿಲ್ಲ. ಜೂನ್ ತಿಂಗಳ ಉಡುಪಿಯಲ್ಲಿ ಕೊಡೆ ಕಂಡರೆ ಆಗದ ಕುದುರೆ! ಯಜಮಾನರು ಅದನ್ನು ಗಿಡ್ಡ ಹಗ್ಗದಲ್ಲಿ ಮರಕ್ಕೆ ಕಟ್ಟಿ, ಮನೆಯ ಇಬ್ಬರು ಹುಡುಗರ ಕೈಗೆ ಒಂದೊಂದು ಕೊಡೆ ಕೊಟ್ಟು, ಮುಖದ ಹತ್ತಿರವೇ ಅರ್ಧ ಗಂಟೆ ಬಿಡಿಸಿ ಮುಚ್ಚಿ ಮಾಡಿಸಿದ್ದರು. ಕುದುರೆ ಹಾರಿದೆ, ಎಳೆದಿದೆ, ಒಂದು ಸಲ ಮೊಣಕಾಲೂರಿ ಬಿದ್ದಿದೆ. ಆಮೇಲೆ ಸುಮ್ಮನೆ ನಿಂತಿದೆ. ನಾನು ಮೊಣಕಾಲಿನ ಗಾಯ ನೋಡಲು ಹೋದಾಗ ಅವರು ಹೆಮ್ಮೆಯಿಂದ ಹೇಳಿದರು, "ನೋಡಿ, ಈಗ ಸರಿ ಆಗಿದೆ. ಅಲ್ಲಾಡುವುದೇ ಇಲ್ಲ."

ಅಲ್ಲಾಡುತ್ತಿರಲಿಲ್ಲ, ನಿಜ. ಕಣ್ಣು ಮಿಟುಕಿಸುತ್ತಲೂ ಇರಲಿಲ್ಲ. ತುಟಿ ಬಿಗಿ, ಬಾಲ ಕಾಲ ಸಂದಿಗೆ ಒತ್ತಿಕೊಂಡಿತ್ತು, ಕಾಲ ಕೆಳಗೆ ನೀರು ನೀರು ಲದ್ದಿ. ಎಡ ಮೊಣಕೈ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಗಡಿಯಾರ ನೋಡಿದೆ. ಆರಾಮಾಗಿ ನಿಂತ ದೊಡ್ಡ ಕುದುರೆಯ ಎದೆಬಡಿತ ನಿಮಿಷಕ್ಕೆ 28ರಿಂದ 44. ಇದರದ್ದು 92. ಗಾಯದ ನೋವಿನ ಪಾಲೂ ಸ್ವಲ್ಪ ಇದ್ದೀತು, ಪೂರಾ ಹೆದರಿಕೆಯದ್ದೇ ಅಂತ ನಾನು ಹೇಳುವುದಿಲ್ಲ. ಆದರೆ ಹುಡುಗರು ಕೊಡೆ ಒಳಗಿಟ್ಟು ಬಂದು ಕಾಲು ಗಂಟೆಯಾದ ಮೇಲೆ ಎಣಿಸಿದರೆ 56. ಗಾಯ ಅಲ್ಲೇ ಇತ್ತು, ಕೊಡೆ ಇರಲಿಲ್ಲ, ಅಷ್ಟೇ. ಓಡಲು ದಾರಿ ಇಲ್ಲ ಅಂತ ಗೊತ್ತಾಗಿ ಅದು ಕೈ ಚೆಲ್ಲಿ ನಿಂತಿತ್ತು. ಮರುದಿನ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ಕೊಡೆ ಹಿಡಿದು ಬಂದದ್ದೇ ಸಾಕು, ಬೇಲಿ ಮುರಿದು ಪಕ್ಕದವರ ಗದ್ದೆ ಸೇರಿತ್ತು.

ಹಾಗಾದರೆ ಏನು ಮಾಡಬೇಕು? ದೂರ. ನಾನು ಹೇಳುವುದು ಇದೊಂದೇ, ಜನ ಕೇಳದೆ ಇರುವುದೂ ಇದೊಂದೇ. ದೂರ ಅಂದರೆ ನಿಮ್ಮ ಲೆಕ್ಕದ ದೂರ ಅಲ್ಲ ಮಾರಾಯ್ರೆ, ಕುದುರೆಯ ಲೆಕ್ಕದ್ದು. ಅದು ಕೊಡೆಯನ್ನು ನೋಡಬೇಕು, ಒಂದು ಕಿವಿ ಅತ್ತ ತಿರುಗಿಸಬೇಕು, ಆದರೂ ಹುಲ್ಲು ಜಗಿಯುತ್ತಾ ಇರಬೇಕು. ಅಲ್ಲಿ ಶುರು ಮಾಡಿ. ಜಗಿಯುವುದು ನಿಂತು, ತಲೆ ಮೇಲೆದ್ದು, ಎರಡೂ ಕಿವಿ ಮೊಳೆ ಹೊಡೆದ ಹಾಗೆ ಮುಂದಕ್ಕೆ ನಿಂತರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಹತ್ತು ಹೆಜ್ಜೆ ಹಿಂದೆ ಹೋಗಿ. ಆ ಬಿಳಿ ಕುದುರೆಗೆ ಶುರುವಿನ ದೂರ ಎಷ್ಟಿತ್ತು ಗೊತ್ತಾ? ಅಂಗಳದ ಆ ಕೊನೆಗೂ ಸಾಲದೆ, ತೋಟದ ಒಳಗೆ, ಸುಮಾರು ಅರವತ್ತು ಹೆಜ್ಜೆ. ಅದೂ ಮುಚ್ಚಿದ ಕೊಡೆ. "ಇಷ್ಟು ದೂರ ನಿಂತರೆ ಅಭ್ಯಾಸ ಎಂತ ಆಗ್ತದೆ?" ಅಂತ ಯಜಮಾನರಿಗೆ ನಗು. ಆಗುವುದು ಅಲ್ಲೇ. ಹೆದರಿದ ತಲೆಗೆ ಓಡುವುದು ಬಿಟ್ಟು ಬೇರೇನೂ ಹತ್ತುವುದಿಲ್ಲ, ಜಗಿಯುವ ಕುದುರೆ ಮಾತ್ರ ಕಲಿಯುತ್ತದೆ.

ಇನ್ನೊಂದು, ಕೊಡೆ ಹಿಂದಕ್ಕೆ ಹೋಗುವ ಹೊತ್ತು. ಕುದುರೆ ಹಾರಿದ ಕೂಡಲೇ ಅಯ್ಯೋ ಅಂತ ಕೊಡೆ ಮುಚ್ಚಿ ಹಿಂದೆ ಸರಿದರೆ, ಹಾರಿದರೆ ಕೊಡೆ ಹೋಗುತ್ತದೆ ಅಂತ ಅದು ಕಲಿಯುತ್ತದೆ. ಆದ್ದರಿಂದ ಅದು ಹಾರುವಷ್ಟು ಹತ್ತಿರ ಹೋಗಲೇಬೇಡಿ. ಹೋದದ್ದು ಹೌದಾದರೆ, ಇದ್ದಲ್ಲೇ ಅಲ್ಲಾಡದೆ ನಿಂತು ಕಾಯಿರಿ. ತಲೆ ಸ್ವಲ್ಪ ಇಳಿಯುತ್ತದೆ, ರೆಪ್ಪೆ ಬಡಿಯುತ್ತದೆ, ಒಂದು ದೊಡ್ಡ ಉಸಿರು ಬಿಡುತ್ತದೆ. ಆಗ ಹಿಂದೆ ಹೋಗಿ. ಆ ಕ್ಷಣ ತಪ್ಪಿಸಿದ್ದು ನಾನೂ ಎಷ್ಟೋ ಸಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆತುರದಲ್ಲಿ ತಪ್ಪು ಹೊತ್ತಿಗೆ ಟಾರ್ಪಾಲ್ ಎಳೆದು, ಎಡಗಾಲಿನ ಹೆಬ್ಬೆರಳಿನ ಮೇಲೆ ಗೊರಸು ಹಾಕಿಸಿಕೊಂಡವ ನಾನು. ಮಳೆಗಾಲದಲ್ಲಿ ಈಗಲೂ ಹೇಳುತ್ತದೆ.

ಮೊದಲ ನಾಲ್ಕು ದಿನ ಮುಚ್ಚಿದ ಕೊಡೆ ನೆಲದ ಮೇಲೆ. ಆಮೇಲೆ ಕೈಯಲ್ಲಿ. ಆಮೇಲೆ ದೂರದಲ್ಲಿ ಅರ್ಧ ಬಿಡಿಸಿದ್ದು, ಟಪ್ ಅಂತ ಅಲ್ಲ, ನಿಧಾನ. ದಿನಕ್ಕೆ ಹತ್ತು ನಿಮಿಷ, ಜಾಸ್ತಿ ಬೇಡ. ಎಡಗಡೆಯಿಂದ ಸರಿಯಾದದ್ದನ್ನು ಬಲಗಡೆಯಿಂದ ಮತ್ತೆ ಮೊದಲಿನಿಂದ ತೋರಿಸಿ. ಕುದುರೆಗೆ ಕಣ್ಣು ತಲೆಯ ಎರಡು ಬದಿಗೆ, ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ನೇರ ಹಿಂದೆ ಮತ್ತು ಹಣೆಯ ಎದುರಿಗೇ ಮಾತ್ರ ಕುರುಡು ಜಾಗ. ನಿಮಗೆ ಕಾಣದ ಪ್ಲಾಸ್ಟಿಕ್ ಚೀಲ ಅದಕ್ಕೆ ಕಾಣುತ್ತಿರುತ್ತದೆ, ಸುಮ್ನೆ ಬೈಯಬೇಡಿ. ಕೊರಳು ಮುಗಿದು ಬೆನ್ನು ಶುರುವಾಗುವ ಆ ಉಬ್ಬಿನ ಮೇಲೆ ಉಗುರಿನಿಂದ ನಿಧಾನ ಕೆರೆದುಕೊಡಿ. ಕುದುರೆಗಳು ಒಂದಕ್ಕೊಂದು ಅಲ್ಲೇ ಕೆರೆದುಕೊಳ್ಳುವುದು, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ.

ಹಗ್ಗ ಹಿಡಿದವರ ಬಗ್ಗೆಯೂ ಒಂದು ಮಾತು. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಉಂಟು, ಅದರಲ್ಲೂ ಕೊಡೆಯೇ! ಜನರು ಕುದುರೆಯನ್ನು ನಡೆಸಿಕೊಂಡು ನಾಲ್ಕು ಸಲ ಒಂದೇ ದಾರಿಯಲ್ಲಿ ಹೋಗಬೇಕು. ನಾಲ್ಕನೇ ಸಲಕ್ಕೆ ಮೊದಲು, ಈಗ ಕುದುರೆ ಹಾದು ಹೋಗುವಾಗ ಕೊಡೆ ಬಿಡಿಸುತ್ತೇವೆ ಅಂತ ಅವರಿಗೆ ಹೇಳಿದರು. ಕೊಡೆ ಬಿಡಿಸಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜತೆಗೆ ಕುದುರೆಯದ್ದೂ ಏರಿತು. "ಈಗ ಹಾರ್ತದೆ, ಈಗ ಹಾರ್ತದೆ" ಅಂತ ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು ಉಸಿರು ಬಿಗಿ ಹಿಡಿಯುವವರಿಗೆ ಇದನ್ನು ನಾನು ತಪ್ಪದೆ ಹೇಳುತ್ತೇನೆ. ಅಂದ ಹಾಗೆ, ಹಗ್ಗ ಮುಷ್ಟಿಗೆ ಸುತ್ತಲೇಬೇಡಿ, ಬೆರಳು ಹೋಗುತ್ತದೆ.

"ಮೈಸೂರು ದಸರಾಕ್ಕೆ ಫಿರಂಗಿ ಹೊಡೆದೇ ಅಭ್ಯಾಸ ಮಾಡಿಸ್ತಾರಲ್ಲ?" ಅಂತ ವಾದಕ್ಕೆ ಬರುವವರು ಇದ್ದಾರೆ. ಮಾಡಿಸುತ್ತಾರೆ. ಆದರೆ ವಿಜಯದಶಮಿಯ 21 ಕುಶಾಲತೋಪಿಗೆ ವಾರಗಟ್ಟಲೆ ಮೊದಲೇ, ಒಂದಲ್ಲ ಹಲವು ಸಲ, ಹಳೆ ಆನೆ ಕುದುರೆಗಳ ಸಾಲಿನಲ್ಲಿ ಹೊಸತನ್ನು ನಿಲ್ಲಿಸಿ, ಬಲ್ಲ ಮಾವುತರು ಸವಾರರ ಕೈಯಲ್ಲಿ. ನೀವು ನಾಡಿದ್ದು ಮದುವೆ ಅಂತ ಇವತ್ತು ಫೋನ್ ಮಾಡುತ್ತೀರಿ. ಮತ್ತೆ ಕೇಳುವುದು ಏನು? "ಒಂದು ಇಂಜೆಕ್ಷನ್ ಕೊಡಿ." ಮಂಕು ಬರಿಸುವ ಮದ್ದು ಕಾಲು ಎಳೆಯುವಂತೆ ಮಾಡುತ್ತದೆ, ಹೆದರಿಕೆ ಒಳಗೆ ಹಾಗೇ ಇರಬಹುದು. ಅಂಥ ಕುದುರೆಯ ಮೇಲೆ ಮದುಮಗನನ್ನು ಕೂರಿಸಲು ನಾನು ಒಪ್ಪುವುದಿಲ್ಲ. ಅಂಗಡಿಯಿಂದ ತಂದು ನೀವೇ ಕೊಡುವ ಯೋಚನೆಯಂತೂ ಬೇಡವೇ ಬೇಡ, ಗಂಡು ಕುದುರೆಗೆ ಕೆಲವು ಮದ್ದಿನಿಂದ ವಾಸಿಯಾಗದ ತೊಂದರೆ ಆಗುವುದುಂಟು. ಮತ್ತೆ, ನಿನ್ನೆವರೆಗೆ ಸರಿ ಇದ್ದ ಕುದುರೆ ಇವತ್ತು ಏಕಾಏಕಿ ಬೆಚ್ಚಲು ಶುರು ಮಾಡಿದರೆ ಮೊದಲು ಕಣ್ಣು, ಹಲ್ಲು, ಬೆನ್ನು ತೋರಿಸಿ.

ಬಿಳಿ ಕುದುರೆಗೆ ಏಳು ವಾರ ಹಿಡಿಯಿತು. ಈಗ ಮನೆಯ ಅಮ್ಮ ಕೊಡೆ ಹಿಡಿದೇ ಹೋಗಿ ಹುಲ್ಲು ಹಾಕುತ್ತಾರೆ. ಅಡಿಕೆ ಹಾಳೆ ಪಕ್ಕದಲ್ಲೇ ಬಿದ್ದರೆ ಈಗಲೂ ಹಾರುತ್ತದೆ, ಅದಕ್ಕೆ ನಾನೂ ಹಾರುತ್ತೇನೆ. ನವರಾತ್ರಿಗೆ ಮನೆ ಬಾಗಿಲಿಗೆ ಹುಲಿವೇಷ ಬರುತ್ತದೆ, ಅದರ ಜತೆ ಬಡಿಯುವ ತಾಸೆ ವಾದ್ಯದ ಶಬ್ದಕ್ಕೆ ಏನು ಮಾಡುವುದು ಅಂತ ಯಜಮಾನರು ಈ ಸಲ ಮೊದಲೇ ಕೇಳಿದರು. ಮೊಬೈಲಿನಲ್ಲಿ ತಾಸೆ ಹಾಕಿ, ತೋಟದ ಆಚೆ ತುದಿಯಲ್ಲಿ ಸಣ್ಣ ಶಬ್ದದಲ್ಲಿಟ್ಟು, ಅದೇ ಹೊತ್ತಿಗೆ ಹುರುಳಿ ಬಕೆಟ್ ಕೊಡಿ ಅಂದಿದ್ದೆ. ಮೊನ್ನೆ ಫೋನ್ ಬಂತು. ತಾಸೆ ಕೇಳಿದ ಕೂಡಲೇ ಬಂದು ಖಾಲಿ ಬಕೆಟ್ ಒದೆಯುತ್ತದಂತೆ, ಎರಡು ಒಡೆದಾಯಿತಂತೆ. ರಬ್ಬರಿನದ್ದು ತನ್ನಿ ಅಂದೆ.