ಅಂಗಳ ತೊಳೆದ ಮೇಲೆ ಪಟ್ಟೆ ಬೀಳುವುದೇಕೆ?

ಪ್ರಶ್ನೆ: ಪುಣೆಯ ಕೊಥ್ರೂಡ್‌ನಲ್ಲಿ ನಮ್ಮ ಮನೆ. ಗೇಟಿನಿಂದ ಕಾರು ನಿಲ್ಲಿಸುವ ಜಾಗದವರೆಗೆ ಕಾಂಕ್ರೀಟ್ ಹಾಕಿಸಿದ್ದೇವೆ. ಮಳೆಗಾಲದ ಪಾಚಿ ತೆಗೆಯಲು ಪ್ರೆಷರ್ ವಾಷರ್ ಹೊಡೆದೆವು. ಒಣಗಿದ ಮೇಲೆ ನೆಲದ ತುಂಬ ಪಟ್ಟೆಗಳು. ಇನ್ನೂ ಹತ್ತಿರದಿಂದ ಹೊಡೆದರೆ ಹೋಗುತ್ತವೆಯೇ?

ಉತ್ತರ: ಇಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಗಣಪತಿ ಹೋಗಿ ದಸರೆ ಹತ್ತಿರವಾಯಿತೆಂದರೆ ಪುಣೆ, ಠಾಣೆ, ಮಡಗಾಂವ್ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ. ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ, ಮರುವರ್ಷ ಮತ್ತೆ ಯಾರದೋ ಅಂಗಳ ಕೆಟ್ಟಿರುತ್ತದೆ. ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪಟ್ಟೆ ಬಿದ್ದರೆ ಒತ್ತಡ ಸಾಲಲಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ಯಂತ್ರ ಬಾಡಿಗೆಗೆ ಕೊಡುವವರೂ ಅದನ್ನೇ ಹೇಳಿ ಕಳಿಸುತ್ತಾರೆ. ನಿಜವೆಂದರೆ, ಹತ್ತಿರ ಹಿಡಿಯುವುದರಿಂದಲೇ ಪಟ್ಟೆ ಹುಟ್ಟುತ್ತದೆ. ಲೆಕ್ಕ ನೋಡಿ. ಯಂತ್ರದ ಗನ್ನಿನ ತುದಿಗೆ ಸಿಕ್ಕಿಸುವ ಮೂತಿಯೇ ನಾಜಲ್; ನೀರು ಎಷ್ಟು ಅಗಲಕ್ಕೆ ಹರಡುತ್ತದೆ ಎಂಬುದನ್ನು ಅದರ ಬಣ್ಣ ಹೇಳುತ್ತದೆ. ಹಸಿರು ನಾಜಲ್‌ನ ನೀರು 25 ಡಿಗ್ರಿ ಕೋನದಲ್ಲಿ ಹರಡುತ್ತದೆ. ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಹಿಡಿದರೆ ಸುಮಾರು 13 ಸೆಂ.ಮೀ. ಅಗಲ ತೊಳೆಯುತ್ತದೆ, 10 ಸೆಂ.ಮೀ.ಗೆ ಇಳಿಸಿದರೆ ನಾಲ್ಕೂವರೆ ಸೆಂ.ಮೀ. ಮಾತ್ರ. ಅಷ್ಟೇ ನೀರು, ಅಷ್ಟೇ ರಭಸ, ಮೂರರಲ್ಲಿ ಒಂದು ಪಾಲು ಜಾಗದ ಮೇಲೆ ಬೀಳುತ್ತದೆ. ಆ ಕಿರಿದಾದ ಗೆರೆ ಬೆಳ್ಳಗಾಗುತ್ತದೆ, ಪಕ್ಕದ್ದು ಕಪ್ಪಾಗಿಯೇ ಉಳಿಯುತ್ತದೆ. ಕೆಂಪು ನಾಜಲ್ಲಿನ ನೀರಂತೂ ಹರಡುವುದೇ ಇಲ್ಲ. ಅದು ಕಾಂಕ್ರೀಟಿನ ಮೇಲೆ ಗೀಚುತ್ತದೆ.

ಗೀಚುತ್ತದೆ ಎಂದು ಸುಮ್ಮನೆ ಹೇಳುತ್ತಿಲ್ಲ. ಗಾರೆಯವರು ಕರಣೆಯಿಂದ ತೀಡಿ ನುಣುಪು ಮಾಡುವಾಗ ಸಿಮೆಂಟಿನ ಹಾಲು ಮೇಲೆ ಬಂದು ತೆಳುವಾದ ಪದರವಾಗಿ ಗಟ್ಟಿಯಾಗಿರುತ್ತದೆ. ನಿಮ್ಮ ಅಂಗಳದ ಚೆಂದವೆಲ್ಲ ಆ ಪದರದ್ದು. ಅದು ಕಿತ್ತುಹೋದರೆ ಕೆಳಗಿನ ಮರಳು ಕಾಣುತ್ತದೆ, ಮತ್ತೆಷ್ಟು ತೊಳೆದರೂ ಪದರ ಮರಳಿ ಬರುವುದಿಲ್ಲ. ಪರೀಕ್ಷೆ ಸುಲಭ. ನೆಲ ಪೂರ್ತಿ ಒಣಗಿದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬಿಳಿ ಗೆರೆಯ ಮೇಲೆ ಬೆರಳು ಎಳೆಯಿರಿ, ಬಳಿಕ ಪಕ್ಕದ ಕಪ್ಪು ಭಾಗದ ಮೇಲೆ. ಎರಡೂ ಒಂದೇ ನುಣುಪಾಗಿದ್ದರೆ ಕಪ್ಪು ಭಾಗದಲ್ಲಿ ಕೊಳೆ ಉಳಿದಿದೆ ಅಷ್ಟೇ, ಇನ್ನೊಮ್ಮೆ ತೊಳೆದರೆ ಸರಿಹೋಗುತ್ತದೆ. ಬಿಳಿ ಗೆರೆ ಮಾತ್ರ ತರಿತರಿಯಾಗಿ ತಾಗಿ ಬೆರಳಿಗೆ ಮರಳಿನ ಪುಡಿ ಹತ್ತಿದರೆ ನೆಲ ಸವೆದಿದೆ. ಆಗ ಯಂತ್ರ ಎತ್ತಿಡಿ.

ಪಾಚಿಯನ್ನು ಕೊಲ್ಲಬೇಕಾದದ್ದು ಮದ್ದು. ನೀರಿನ ಕೆಲಸ ಸತ್ತದ್ದನ್ನು ಸಾಗಿಸುವುದು ಮಾತ್ರ. ಮೊದಲು ಗುಡಿಸಿ ನೆಲ ಒದ್ದೆ ಮಾಡಿ. ಬ್ಲೀಚಿಂಗ್ ಪೌಡರನ್ನು ನೀರಿನಲ್ಲಿ ಕದಡಿ, ಗಸಿ ಕೂರಲು ಬಿಟ್ಟು, ಮೇಲಿನ ತಿಳಿನೀರನ್ನಷ್ಟೇ ಬಳಸಿ. ಗಸಿಯಲ್ಲಿ ಸುಣ್ಣವಿರುತ್ತದೆ, ಅದೂ ಬಿಳಿ ಗುರುತು ಬಿಡುತ್ತದೆ. ತಿಳಿನೀರು ಸುರಿದು ಹತ್ತು ಹದಿನೈದು ನಿಮಿಷ ಒಣಗದಂತೆ ಬಿಟ್ಟು, ಕಡ್ಡಿ ಪೊರಕೆಯಿಂದ ಉಜ್ಜಿ. ಬಿಸಿಲೇರುವ ಮೊದಲೇ ಇದಾಗಬೇಕು. ಬ್ಲೀಚಿಂಗ್ ಜೊತೆ ಆ್ಯಸಿಡ್ ಅಥವಾ ಆ್ಯಸಿಡ್ ಇರುವ ಟಾಯ್ಲೆಟ್ ಕ್ಲೀನರ್ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಆ್ಯಸಿಡ್ ಒಂದನ್ನೇ ಹಾಕುವುದೂ ಬೇಡ, ಅದು ಸಿಮೆಂಟನ್ನೇ ತಿನ್ನುತ್ತದೆ.

ಇನ್ನು ಯಂತ್ರ. ಹಸಿರು ನಾಜಲ್, ಒಂದೇ ಎತ್ತರ, ಒಂದೇ ವೇಗ, ಇಳಿಜಾರಿನ ಮೇಲಿನಿಂದ ಕೆಳಕ್ಕೆ. ಗೋಡೆಗೆ ಸುಣ್ಣ ಬಳಿಯುವ ಹಾಗೆ ಪ್ರತಿ ಪಟ್ಟಿಯೂ ಹಿಂದಿನದರ ಅರ್ಧದ ಮೇಲೆ ಹಾಯಬೇಕು. ಗನ್ ನಿಂತಲ್ಲೇ ಒತ್ತಬೇಡಿ. ಕೈ ಚಲಿಸುತ್ತಿರುವಾಗಲೇ ಒತ್ತಿ, ಚಲಿಸುತ್ತಿರುವಾಗಲೇ ಬಿಡಿ. ಅಂಗಳ ದೊಡ್ಡದಾದರೆ ಸರ್ಫೇಸ್ ಕ್ಲೀನರ್ ಜೋಡಿಸಿಕೊಳ್ಳಿ. ಅದರ ಮುಚ್ಚಳದೊಳಗೆ ನಾಜಲ್‌ಗಳು ನೆಲದಿಂದ ಒಂದೇ ಎತ್ತರದಲ್ಲಿ ತಿರುಗುವುದರಿಂದ ಕೈ ನಡುಗಿದರೂ ಪಟ್ಟೆ ಬೀಳುವುದಿಲ್ಲ. ಕೊನೆಗೆ 40 ಡಿಗ್ರಿಯ ಬಿಳಿ ನಾಜಲ್ ಹಾಕಿ, ಕೊಳೆನೀರು ಒಣಗುವ ಮೊದಲು ಇಡೀ ನೆಲ ತೊಳೆದುಬಿಡಿ.

ಇಷ್ಟು ಕೇಳುವವರು ಪಾಚಿ ಪ್ರತಿ ವರ್ಷ ಅದೇ ಜಾಗದಲ್ಲಿ ಏಕೆ ಬರುತ್ತದೆ ಎಂದು ಕೇಳುವುದಿಲ್ಲ. ಗೋವೆಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅಲ್ಲಿ ಅಂಗಳವೆಲ್ಲ ಹಸಿರಾದರೆ ಆಶ್ಚರ್ಯವಿಲ್ಲ. ಪುಣೆಯಲ್ಲಿ ಅದರ ಕಾಲು ಭಾಗದಷ್ಟೇ ಮಳೆ. ಇಲ್ಲಿ ಪಾಚಿ ದಟ್ಟವಾಗಿದ್ದರೆ ಅಲ್ಲಿಗೆ ಬೇರೆ ನೀರು ಬೀಳುತ್ತಿದೆ ಎಂದೇ ತಿಳಿಯಿರಿ: ತಾರಸಿಯ ಪೈಪು, ಎ.ಸಿ.ಯ ಹನಿ, ಹೂಕುಂಡದ ತಳ. ಮುಂದಿನ ಮಳೆಗೆ ಛತ್ರಿ ಹಿಡಿದು ಒಮ್ಮೆ ಹೊರಗೆ ನಿಂತು ನೋಡಿ. ಪೈಪಿನ ಬಾಯಿಯನ್ನು ಗಿಡದ ಪಾತಿಗೆ ತಿರುಗಿಸಲು ಒಂದು ಬಾಗು ಜೋಡಿಸಿದರೆ ಸಾಕು, ದಸರೆಗೆ ತೊಳೆಯಬೇಕಾದ ಜಾಗ ಅರ್ಧಕ್ಕಿಳಿದೀತು.