ಪದ ಪರಿಚಯ: ಮಾಧ್ಯಮ ಸಮೃದ್ಧಿ

‘ಆಯ್ತು.’ ಮೊಬೈಲಿನಲ್ಲಿ ಬಂದ ಈ ಒಂದೇ ಪದ ಒಪ್ಪಿಗೆಯೋ, ಬೇಸರವೋ, ಮಾತು ಇಲ್ಲಿಗೆ ಸಾಕೆಂಬ ಸೂಚನೆಯೋ? ಫೋನಿನಲ್ಲಿ ಕೇಳಿದ್ದರೆ ದನಿಯಿಂದ ಅರ್ಧ ತಿಳಿಯುತ್ತಿತ್ತು, ಎದುರಿಗಿದ್ದರೆ ಮುಖವೇ ಹೇಳುತ್ತಿತ್ತು. ಇಂಥ ಸುಳಿವುಗಳನ್ನು ಹೊತ್ತು ತರುವ ಶಕ್ತಿಗೆ ‘ಮಾಧ್ಯಮ ಸಮೃದ್ಧಿ’ ಎಂದು ಹೆಸರು.

ಸಂಸ್ಥೆಗಳೊಳಗಿನ ಸಂವಹನವನ್ನು ಅಧ್ಯಯನ ಮಾಡುತ್ತಿದ್ದ ರಿಚರ್ಡ್ ಡಾಫ್ಟ್ ಮತ್ತು ರಾಬರ್ಟ್ ಲೆಂಗೆಲ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. ಅವರು ನೋಡಿದ್ದು ನಾಲ್ಕು ಗುಣಗಳನ್ನು: ಉತ್ತರ ತಕ್ಷಣ ಸಿಗುತ್ತದೆಯೇ, ದನಿ, ಹಾವಭಾವಗಳಂಥ ಎಷ್ಟು ಸುಳಿವುಗಳು ದಾಟುತ್ತವೆ, ಭಾಷೆಯ ಬಳಕೆಗೆ ಎಷ್ಟು ಆಸ್ಪದವಿದೆ, ಮಾತು ಆ ವ್ಯಕ್ತಿಗೇ ಹೇಳಿದಂತಿದೆಯೇ. ಮುಖಾಮುಖಿ ಮಾತುಕತೆ ಎಲ್ಲಕ್ಕಿಂತ ಮೇಲೆ, ಆಮೇಲೆ ಫೋನು, ನಂತರ ಪತ್ರ. ಬರೀ ಅಂಕಿಗಳ ಪಟ್ಟಿ ಎಲ್ಲಕ್ಕಿಂತ ಕೆಳಗೆ.

ಈ ಶ್ರೇಣಿಗಿಂತ ಮುಖ್ಯವಾದದ್ದು ಅವರು ಗುರುತಿಸಿದ ಒಂದು ವ್ಯತ್ಯಾಸ. ಮಾಹಿತಿ ಸಾಲದಿರುವುದು ಬೇರೆ, ಮಾಹಿತಿ ಇದ್ದೂ ಅದಕ್ಕೆ ಎರಡು ಮೂರು ಅರ್ಥ ಹುಟ್ಟುವುದು ಬೇರೆ. ‘ಸಭೆ ಎಷ್ಟು ಗಂಟೆಗೆ?’ ಎಂಬುದಕ್ಕೆ ಒಂದು ಸಾಲಿನ ಸಂದೇಶ ಸಾಕು. ‘ಕೆಲಸ ನಾವು ಅಂದುಕೊಂಡ ಹಾಗೆ ಬಂದಿಲ್ಲ’ ಎಂಬ ಇಮೇಲ್ ಹಾಗಲ್ಲ. ಓದಿದವರು ತಮ್ಮ ಆತಂಕವನ್ನೇ ಬರೆದವರ ದನಿಯಾಗಿ ಕೇಳಿಸಿಕೊಳ್ಳುತ್ತಾರೆ, ಅದೇ ಊಹೆಯ ಮೇಲೆ ಉತ್ತರ ಬರೆಯುತ್ತಾರೆ, ಆ ಉತ್ತರಕ್ಕೆ ಮತ್ತೊಂದು ಊಹೆ ಅಂಟಿಕೊಳ್ಳುತ್ತದೆ. ಇಲ್ಲಿ ಇನ್ನಷ್ಟು ಬರೆದರೆ ಗಂಟು ಬಿಗಿಯಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಒಂದೇ ವಿಷಯ ಮೂರನೆಯ ಸಲ ಹೋಗಿ ಬಂದರೆ ಬರವಣಿಗೆ ನಿಲ್ಲಿಸಿ ಕರೆ ಮಾಡಬೇಕು.

ಮಾಧ್ಯಮದ ತಾಂತ್ರಿಕ ಮಿತಿಯೂ ಧಾಟಿಯನ್ನು ಬದಲಿಸುತ್ತದೆ. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ ಕನ್ನಡ ಲಿಪಿಗೆ ಸಿಗುವುದು 70 ಸ್ಥಾನ ಮಾತ್ರ, ಅದರಲ್ಲೂ ಸ್ವರಚಿಹ್ನೆಗೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರ ಚಿಹ್ನೆಗೆ (್) ಪ್ರತ್ಯೇಕ ಲೆಕ್ಕ. ‘ದಯವಿಟ್ಟು’ ಒಂದೇ 8 ಸ್ಥಾನ ನುಂಗುತ್ತದೆ. ಜಾಗ ಉಳಿಸಲು ಹೊರಟವರು ಮೊದಲು ಕೈಬಿಡುವುದು ಇಂಥ ಪದಗಳನ್ನೇ. ಬರೆದವರ ಪಾಲಿಗೆ ಅದು ಉಳಿತಾಯ, ಓದುವವರಿಗೆ ಒರಟುತನ.

ಸಮೃದ್ಧ ಮಾಧ್ಯಮವೇ ಎಲ್ಲಕ್ಕೂ ಸರಿ ಎಂದೂ ಅಲ್ಲ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್ ನಡುವಿನ ದನಿಯನ್ನಷ್ಟೇ ದಾಟಿಸುತ್ತಿತ್ತು. ‘ಸ’, ‘ಫ’ಗಳನ್ನು ಬೇರ್ಪಡಿಸುವ ಸದ್ದು ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಹೆಸರುಗಳು ತಪ್ಪಾಗಿ ಕೇಳಿಸುತ್ತಿದ್ದವು. ಖಾತೆ ಸಂಖ್ಯೆ, ದಿನಾಂಕ, ಔಷಧದ ಪ್ರಮಾಣಗಳನ್ನು ಬರವಣಿಗೆಯಲ್ಲೇ ಕಳಿಸಬೇಕು.

ಕೆನಡಾದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್‌ಲೂಹನ್ 1964ರಲ್ಲಿ ಮುಂದಿಟ್ಟ ‘ಮಾಧ್ಯಮವೇ ಸಂದೇಶ’ ಎಂಬ ಮಾತನ್ನು ಇದರೊಂದಿಗೆ ಬೆರೆಸುವುದುಂಟು. ಅವರು ಹೇಳಿದ್ದು ಹೊಸ ಮಾಧ್ಯಮವೊಂದು ಇಡೀ ಸಮಾಜದ ಬದುಕಿನ ವೇಗ, ವಿಸ್ತಾರಗಳನ್ನು ಬದಲಿಸುವ ಬಗ್ಗೆ. ಡಾಫ್ಟ್, ಲೆಂಗೆಲ್ ಅವರದು ಈ ವಿಷಯಕ್ಕೆ ಯಾವ ಮಾಧ್ಯಮ ಎಂಬ ಪ್ರಶ್ನೆ.

ಅವರ ಶ್ರೇಣಿ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಸಂಶೋಧಕರಾದ ಜಾನ್ ಕಾರ್ಲ್‌ಸನ್ ಮತ್ತು ರಾಬರ್ಟ್ ಜ್ಮುಡ್ 1999ರಲ್ಲಿ ವಾದಿಸಿದಂತೆ, ಮಾಧ್ಯಮವೂ ಎದುರಿನವರೂ ಪರಿಚಿತರಾದಷ್ಟೂ ಬಡ ಮಾಧ್ಯಮವೂ ಸಮೃದ್ಧವಾಗಿ ಕಾಣತೊಡಗುತ್ತದೆ. ಹತ್ತು ವರ್ಷದ ಗೆಳೆಯರ ನಡುವೆ ‘ಆಯ್ತು’ ಗೊಂದಲವೆಬ್ಬಿಸುವುದು ಅಪರೂಪ. ನಿನ್ನೆ ಪರಿಚಯವಾದವರಿಗೆ ಅದರ ಜೊತೆ ಇನ್ನೊಂದು ವಾಕ್ಯ ಬೇಕು.