ಗದ್ದಕ್ಕೆ ಬಿದ್ದ ಗುದ್ದಿನ ತೂಕ ಎಷ್ಟು?

ರಾಬರ್ಟ್‌ಸನ್‌ಪೇಟೆಯ ನನ್ನ ಗೆಳೆಯನಿಗೆ ಬಾಕ್ಸಿಂಗ್ ಎಂದರೆ ಗೆನ್ನಡಿ ಗೊಲೊವ್‌ಕಿನ್ ಒಬ್ಬನೇ. ಏಕೆಂದು ಕೇಳಿದರೆ ಗುದ್ದಿನ ಮಾತಿಗಿಂತ ಮೊದಲು ಗಣಿಯ ಮಾತು ಬರುತ್ತದೆ. ಗೊಲೊವ್‌ಕಿನ್ ಹುಟ್ಟಿದ್ದು ಕಜಕಸ್ತಾನದ ಕರಗಂಡದಲ್ಲಿ. ಅದು ಕಲ್ಲಿದ್ದಲ ಊರು, ಅವನ ಅಪ್ಪ ಗಣಿ ಕಾರ್ಮಿಕ. ನನ್ನ ಗೆಳೆಯನ ಅಪ್ಪನೂ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರು. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಇವನು ದಿನಾ ಬೆಂಗಳೂರಿನ ರೈಲು ಹತ್ತುವವನಾದ. ಭಾನುವಾರ ಕೋಲಾರಕ್ಕೆ ಬಂದನೆಂದರೆ ಗಡಿಯಾರ ಗೋಪುರದ ಬಳಿ ಎರಡು ಲೋಟ ಟೀ ಮುಗಿಯುವುದರೊಳಗೆ ಜಗಳ ಶುರು. ಮಿಡಲ್‌ವೇಟ್ ಬಾಕ್ಸರ್‌ಗಳಲ್ಲಿ ಎಲ್ಲರಿಗಿಂತ ಬಲವಾಗಿ ಗುದ್ದಿದವನು ಯಾರು?

ನಾನು ಈ ಊರಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನು. ಹಾಗಾಗಿ ‘ಬಲ’ ಎಂಬ ಪದವನ್ನು ಯಾರಾದರೂ ಸಲೀಸಾಗಿ ಬಳಸಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಇದು ಗುಣವೋ ರೋಗವೋ ನನ್ನ ಹೆಂಡತಿಯನ್ನು ಕೇಳಬೇಕು.

ಮೊದಲಿಗೆ, ಈ ಚರ್ಚೆಗೆ ಮಿಡಲ್‌ವೇಟ್ ವಿಭಾಗವೇ ಸರಿ. ಹೆವಿವೇಟ್‌ನಲ್ಲಿ ನೂರು ಕಿಲೋದವನೂ ನೂರಿಪ್ಪತ್ತು ಕಿಲೋದವನೂ ಎದುರುಬದುರಾಗಬಹುದು. ಅಲ್ಲಿ ಗುದ್ದಿನ ಬಲದಲ್ಲಿ ಮೈಭಾರದ ಪಾಲೆಷ್ಟು, ಕಸುಬಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ವೃತ್ತಿಪರ ಮಿಡಲ್‌ವೇಟ್‌ನ ಮಿತಿ 160 ಪೌಂಡ್, ಅಂದರೆ 72.57 ಕಿಲೋ. ವಿಜೇಂದರ್ ಸಿಂಗ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಮಿಡಲ್‌ವೇಟ್‌ನ ಮಿತಿ 75 ಕಿಲೋ. ತಕ್ಕಡಿ ಎಲ್ಲರನ್ನೂ ಒಂದೇ ಸಾಲಿಗೆ ತಂದು ನಿಲ್ಲಿಸುತ್ತದೆ. ಅದರಲ್ಲೂ ಕಳ್ಳತನವಿದೆ ಅನ್ನಿ. ಈಗ ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಬೆವರು ಸುರಿಸಿ, ನೀರು ಬಿಟ್ಟು ತಕ್ಕಡಿ ಹತ್ತಿದವನು ಮರುದಿನ ಹಲವು ಕಿಲೋ ಮರಳಿ ತುಂಬಿಕೊಂಡು ರಿಂಗಿಗೆ ಬರುತ್ತಾನೆ.

ಭಾರದ ಮಹಿಮೆ ಗೊತ್ತಾಗಬೇಕಾದರೆ 1909ರ ಅಕ್ಟೋಬರ್ 16ನ್ನು ನೆನೆಯಬೇಕು. ಮಿಡಲ್‌ವೇಟ್ ಚಾಂಪಿಯನ್ ಸ್ಟ್ಯಾನ್ಲಿ ಕೆಚೆಲ್, ಹೆವಿವೇಟ್ ಚಾಂಪಿಯನ್ ಜ್ಯಾಕ್ ಜಾನ್ಸನ್‌ನನ್ನು ಹನ್ನೆರಡನೇ ಸುತ್ತಿನಲ್ಲಿ ನೆಲಕ್ಕೆ ಕೆಡವಿಬಿಟ್ಟ. ಜಾನ್ಸನ್ ಎದ್ದ, ನುಗ್ಗಿ ಬಂದವನಿಗೆ ಬಾರಿಸಿದ, ಕೆಚೆಲ್ ಏಳಲಿಲ್ಲ.

ನನ್ನ ಗೆಳೆಯನ ಅಸ್ತ್ರ ಅಂಕಿಅಂಶ. 2008ರಿಂದ 2016ರವರೆಗೆ ಗೊಲೊವ್‌ಕಿನ್ ಸತತ 23 ಪಂದ್ಯಗಳನ್ನು ನಾಕೌಟ್‌ನಲ್ಲೇ ಗೆದ್ದ. ಒಟ್ಟು 42 ಗೆಲುವುಗಳಲ್ಲಿ 37 ನಾಕೌಟ್. ಅದಕ್ಕೆ ನಾನು ಜೂಲಿಯನ್ ಜ್ಯಾಕ್ಸನ್‌ನ 55ರಲ್ಲಿ 49, ಜೆರಾಲ್ಡ್ ಮೆಕ್ಲೆಲನ್‌ನ 31ರಲ್ಲಿ 29 ಎಂದು ಎದುರು ಲೆಕ್ಕ ಇಡುತ್ತೇನೆ. ಈ ಲೆಕ್ಕದ ಮೇಲೆ ನನಗೇ ಹೆಚ್ಚು ನಂಬಿಕೆಯಿಲ್ಲ. ರೆಫರಿ ನಡುವೆ ಬಂದು ನಿಲ್ಲಿಸಿದ್ದು, ಎದುರಾಳಿ ಸ್ಟೂಲಿನಿಂದ ಏಳದೇ ಉಳಿದದ್ದು, ಇವೂ ಅದೇ ಖಾತೆಗೆ ಸೇರುತ್ತವೆ. ಗೊಲೊವ್‌ಕಿನ್‌ನ ಎಷ್ಟೋ ಗೆಲುವು ಸುತ್ತಿನಿಂದ ಸುತ್ತಿಗೆ ಅರೆದು ಅರೆದು ನುಣ್ಣಗೆ ಮಾಡಿದ್ದು. ಒಂದೇ ಏಟಿನ ಪ್ರಶ್ನೆ ಬೇರೆ.

ಆ ಒಂದು ಏಟನ್ನು ಅಳೆದವರಿದ್ದಾರೆ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊನನ್ನು ಪ್ರಯೋಗಾಲಯಕ್ಕೆ ಕರೆದು, ತೂಗುಬಿಟ್ಟ ಗುರಿಯೊಂದಕ್ಕೆ ಗುದ್ದಿಸಿದರು. ಮುಷ್ಟಿ ತಗುಲಿದಾಗಿನ ವೇಗ ಸೆಕೆಂಡಿಗೆ 8.9 ಮೀಟರ್. ತಗುಲಿದ 14 ಮಿಲಿಸೆಕೆಂಡಿನೊಳಗೆ ಬಲ 4096 ನ್ಯೂಟನ್‌ಗೆ ಏರಿತ್ತು. ನಾಲ್ಕು ಕ್ವಿಂಟಲಿಗೂ ತುಸು ಹೆಚ್ಚು ಭಾರ, ಕಣ್ಣು ರೆಪ್ಪೆ ಬಡಿಯುವುದಕ್ಕೂ ಮುಂಚೆ. ಬಟ್ಟೆ ಸುತ್ತಿದ ಆರು ಕಿಲೋದ ಮರದ ಕೊಡತಿಯನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸಿದ ಹಾಗೆ ಎಂದು ಅವರು ಹೋಲಿಕೆ ಕೊಟ್ಟರು. ವಿಜ್ಞಾನದ ಪತ್ರಿಕೆಗಳಲ್ಲಿ ಇಷ್ಟು ಒಳ್ಳೆಯ ಉಪಮೆ ಸಿಗುವುದು ಅಪರೂಪ.

ಆದರೆ ಮುಷ್ಟಿಯ ತೂಕ ಅರ್ಧ ಕಿಲೋ ದಾಟುವುದಿಲ್ಲ. ಕೊಡತಿಯ ಭಾರ ಎಲ್ಲಿಂದ ಬಂತು? ಇದು ನನಗೆ ತಿಳಿದದ್ದು ಪುಸ್ತಕದಿಂದ. ಅರ್ಥವಾದದ್ದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ.

ಶಿವಾರಪಟ್ಟಣ ಶಿಲ್ಪಿಗಳ ಊರು. ರಸ್ತೆಯ ಬದಿಯಲ್ಲೇ ಅರ್ಧ ಮೂಡಿದ ನಂದಿಗಳು, ಮೂಗಿಲ್ಲದ ದ್ವಾರಪಾಲಕರು. ಅಲ್ಲೊಬ್ಬ ಹಿರಿಯ ಶಿಲ್ಪಿ ಕೆಲಸ ಮಾಡುತ್ತಿದ್ದರು. ಪಕ್ಕದಲ್ಲಿ ಹೊಸದಾಗಿ ಸೇರಿದ ಹುಡುಗ. ಇಬ್ಬರ ಕೈಯಲ್ಲೂ ಒಂದೇ ಅಳತೆಯ ಸುತ್ತಿಗೆ. ಹುಡುಗನ ಪ್ರತಿ ಏಟಿಗೂ ‘ಠಣ್’ ಎಂದು ಸದ್ದು ಮೇಲೇಳುತ್ತಿತ್ತು, ಪುಡಿ ಹಾರುತ್ತಿತ್ತು, ಅಷ್ಟೇ. ಹಿರಿಯರ ಏಟಿಗೆ ಸದ್ದು ಕಡಿಮೆ, ಚಕ್ಕೆ ದೊಡ್ಡದು. ಕೇಳಿದ್ದಕ್ಕೆ ಅವರೆಂದರು: “ಇವನು ಸುತ್ತಿಗೆಯನ್ನು ಕತ್ತು ಹಿಸುಕಿದ ಹಾಗೆ ಹಿಡಿಯುತ್ತಾನೆ ಮೇಷ್ಟ್ರೇ. ಮಧ್ಯಾಹ್ನ ಮುದ್ದೆ ಮುರಿಯುವುದಕ್ಕೂ ಕೈ ಬರುವುದಿಲ್ಲ.” ಆಮೇಲೆ ನಿಧಾನವಾಗಿ ಮಾಡಿ ತೋರಿಸಿದರು. ಬೀಸುವಾಗ ಬೆರಳು ಸಡಿಲ, ಮಣಿಕಟ್ಟು ಸಡಿಲ. ಉಳಿಯ ತಲೆಗೆ ಸುತ್ತಿಗೆ ಮುಟ್ಟುವ ಗಳಿಗೆಯಲ್ಲಿ ಮಾತ್ರ ಬೆರಳುಗಳು ಕಚ್ಚಿಕೊಂಡವು. ಮರುಗಳಿಗೆ ಮತ್ತೆ ಸಡಿಲ.

ಗುದ್ದಿನ ಗುಟ್ಟೂ ಇಷ್ಟೇ. ಬೆನ್ನಿನ ಬಯೋಮೆಕ್ಯಾನಿಕ್ಸ್‌ನಲ್ಲಿ ಹೆಸರು ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್, ನುರಿತ ಹೋರಾಟಗಾರರ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ದಾಖಲಿಸಿದಾಗ ಎರಡು ಏರುಗಳು ಕಂಡವು. ಏಟು ಹೊರಡುವಾಗ ಒಂದು ಬಿಗಿತ. ನಡುವೆ ಸಡಿಲಿಕೆ, ಆಗಲೇ ಕೈಗೆ ವೇಗ ಬರುವುದು. ಗುರಿ ಮುಟ್ಟುವಾಗ ಇನ್ನೊಂದು ಬಿಗಿತ. ಆ ಎರಡನೇ ಬಿಗಿತದಲ್ಲಿ ಮಣಿಕಟ್ಟು, ಮೊಣಕೈ, ಭುಜ, ಸೊಂಟ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಮುಷ್ಟಿಯ ಹಿಂದೆ ಮೈಯ ಒಂದು ಪಾಲು ಸೇರಿಕೊಳ್ಳುತ್ತದೆ. ಇದನ್ನು ‘ಪರಿಣಾಮಕಾರಿ ದ್ರವ್ಯರಾಶಿ’ ಎನ್ನುತ್ತಾರೆ. ಒಲಿಂಪಿಕ್ ಬಾಕ್ಸರ್‌ಗಳ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅದರ ಸರಾಸರಿ 2.9 ಕಿಲೋ. ಮಣಿಕಟ್ಟು ಕುಸಿದರೆ ಈ ಪಾಲು ಸೋರಿಹೋಗುತ್ತದೆ, ‘ಠಣ್’ ಸದ್ದೊಂದೇ ಉಳಿಯುತ್ತದೆ.

ಇನ್ನು ತೋಳಿನ ಮಾತು. ದಪ್ಪ ತೋಳು ಕಂಡರೆ ನಾವು ಹೆದರುತ್ತೇವೆ, ಹೆದರಬೇಕಾದದ್ದು ಕಾಲಿಗೆ. 1980ರ ದಶಕದ ಸೋವಿಯತ್ ಅಧ್ಯಯನವೊಂದು ಗುದ್ದಿನ ಬಲದಲ್ಲಿ ಯಾವ ಅಂಗದ ಪಾಲೆಷ್ಟು ಎಂದು ಲೆಕ್ಕ ಹಾಕಿತ್ತು. ನುರಿತವರಲ್ಲಿ ನೆಲವನ್ನು ಒದೆಯುವ ಕಾಲಿನ ಪಾಲು ಸುಮಾರು 38 ಶೇಕಡಾ, ತೋಳಿನದು ಬರೀ 24. ಕಲಿಯುವವರಲ್ಲಿ ಕಾಲಿನ ಪಾಲು 17 ಶೇಕಡಾ ಮುಟ್ಟುವುದಿಲ್ಲ. ಇಲ್ಲಿ ನನ್ನನ್ನು ಕಾಡುವ ಮನುಷ್ಯ ಬಾಬ್ ಫಿಟ್ಜ್‌ಸಿಮನ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಬೆಳೆದು ಕಮ್ಮಾರಿಕೆ ಮಾಡಿದವನು. 1891ರಲ್ಲಿ ಮಿಡಲ್‌ವೇಟ್ ಚಾಂಪಿಯನ್ ಆದ. ಭುಜ ಕುಲುಮೆಯವನದು, ಕಾಲು ಮಾತ್ರ ಕಡ್ಡಿ. 1897ರಲ್ಲಿ ತನಗಿಂತ ಏಳು ಕಿಲೋ ಹೆಚ್ಚು ತೂಗುತ್ತಿದ್ದ ಜಿಮ್ ಕಾರ್ಬೆಟ್‌ನ ಎದೆಗೂಡಿನ ಕೆಳಗಿನ ಮೆತ್ತನೆಯ ಜಾಗಕ್ಕೆ ಎಡಗೈಯಿಂದ ಒಂದು ಇಟ್ಟ. ಕಾರ್ಬೆಟ್‌ಗೆ ಪ್ರಜ್ಞೆ ಇತ್ತು, ಉಸಿರು ಇರಲಿಲ್ಲ. ಹತ್ತು ಎಣಿಸುವವರೆಗೆ ಏಳಲಾಗಲಿಲ್ಲ. ಹೆವಿವೇಟ್ ಪಟ್ಟ ಕಮ್ಮಾರನ ಪಾಲಾಯಿತು. ಕಡ್ಡಿಕಾಲಿನಿಂದ ಅದು ಹೇಗೆ ಸಾಧ್ಯ ಎಂದು ಗೆಳೆಯ ಕೇಳುತ್ತಾನೆ. ಕಾಲು ದಪ್ಪಗಿರಬೇಕಾಗಿಲ್ಲ, ಸರಿಯಾದ ಹೊತ್ತಿಗೆ ನೆಲ ಒದ್ದರಾಯಿತು ಎಂದು ನನ್ನ ಉತ್ತರ.

ಈವರೆಗಿನದು ಗುದ್ದುವವನ ಕಡೆಯ ಲೆಕ್ಕ. ಜಗಳದ ಎಳೆ ತಪ್ಪುವುದು ಇಲ್ಲೇ. ಎಷ್ಟು ನ್ಯೂಟನ್ ಎಂದು ಯಂತ್ರ ಹೇಳಬಲ್ಲದು, ತಲೆ ನ್ಯೂಟನ್ ಎಣಿಸುವುದಿಲ್ಲ.

ಒಂದು ಸ್ಟೀಲ್ ಡಬರಿಯಲ್ಲಿ ಗಟ್ಟಿ ಮೊಸರು ಹೆಪ್ಪು ಹಾಕಿ. ಮಾರನೆಯ ದಿನ ಅದನ್ನು ಮೇಜಿನ ಮೇಲೆ ನೇರವಾಗಿ ಒಮ್ಮೆ ತಳ್ಳಿ. ಮೊಸರು ತುಸು ನಡುಗಿ ಹಾಗೇ ನಿಲ್ಲುತ್ತದೆ. ಈಗ ಡಬರಿಯನ್ನು ನಿಂತಲ್ಲೇ ಗಬಕ್ಕನೆ ತಿರುಗಿಸಿ. ಪಾತ್ರೆ ತಿರುಗುತ್ತದೆ, ಮೊಸರು ಹಿಂದೆ ಉಳಿಯುತ್ತದೆ, ಅಂಚಿನಲ್ಲಿ ಬಿರುಕು ಬಿಟ್ಟು ನೀರು ಒಸರುತ್ತದೆ. 1943ರಲ್ಲಿ ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹೋಲ್ಬರ್ನ್ ಜೆಲಾಟಿನ್ ತುಂಬಿದ ತಲೆಬುರುಡೆಯ ಮಾದರಿಗಳಲ್ಲಿ ತೋರಿಸಿದ್ದು ಇದನ್ನೇ. ಮಿದುಳು ಒತ್ತಡಕ್ಕೆ ಅಷ್ಟಾಗಿ ಜಗ್ಗದು, ತಿರುಚುವಿಕೆಗೆ ಜಗ್ಗುತ್ತದೆ. ಹಣೆಗೆ ನೇರವಾಗಿ ಬಿದ್ದ ಏಟು ತಲೆಯನ್ನು ಹಿಂದಕ್ಕೆ ತಳ್ಳುತ್ತದೆ. ಗದ್ದದ ಪಕ್ಕಕ್ಕೆ ಬಿದ್ದದ್ದು ತಲೆಯನ್ನು ಕತ್ತಿನ ಮೇಲೆ ಗಿರ್ರನೆ ತಿರುಗಿಸುತ್ತದೆ. ಗದ್ದ ಆ ತಿರುಗಣೆಯ ಹಿಡಿಕೆ ಇದ್ದಂತೆ. ಏಟು ಬರುವುದು ಕಂಡರೆ ಕತ್ತಿನ ಸ್ನಾಯು ಬಿಗಿದುಕೊಂಡು ತಲೆಯನ್ನು ಮುಂಡಕ್ಕೆ ಬೆಸೆಯುತ್ತದೆ. ಕಾಣದ ಏಟಿಗೆ ಆ ರಕ್ಷಣೆಯೂ ಇಲ್ಲ.

1957ರ ಮೇ 1ರ ಷಿಕಾಗೊ ಪಂದ್ಯವನ್ನು ಹೀಗೆ ನೋಡಬೇಕು. ಶುಗರ್ ರೇ ರಾಬಿನ್ಸನ್‌ಗೆ 36 ತುಂಬಲು ಎರಡು ದಿನ ಬಾಕಿ. ನಾಲ್ಕು ತಿಂಗಳ ಹಿಂದೆ ಅವನನ್ನು ಸೋಲಿಸಿದ್ದ ಜೀನ್ ಫುಲ್ಮರ್, ಅದುವರೆಗೆ ಯಾರಿಂದಲೂ ನಾಕೌಟ್ ಆಗದವನು. ಐದನೇ ಸುತ್ತಿನಲ್ಲಿ ಫುಲ್ಮರ್ ಬಲಗೈ ತುಸು ಇಳಿಸಿದ. ರಾಬಿನ್ಸನ್ ಹಿಂದಕ್ಕೆ ಸರಿಯುತ್ತಲೇ ಎಡಗೈಯಿಂದ ಅಡ್ಡಲಾಗಿ ಬೀಸಿದ. ಗದ್ದಕ್ಕೆ ತಾಗಿತು, ಮುಗಿಯಿತು. ಆ ಏಟನ್ನು ಯಂತ್ರದ ಮೇಲೆ ಹಾಕಿದ್ದರೆ ಮೊದಲ ಬಹುಮಾನ ಬರುತ್ತಿರಲಿಲ್ಲವೇನೋ.

ಬಲದ ಕೊನೆಯ ಮಿತಿ ಕೆಲವೊಮ್ಮೆ ಮುಷ್ಟಿಯ ಮೂಳೆಯೇ. 1985ರಲ್ಲಿ ಥಾಮಸ್ ಹಿಯರ್ನ್ಸ್ ಮೊದಲ ಸುತ್ತಿನಲ್ಲೇ ತನ್ನ ಬಲಗೈ ಮುರಿದುಕೊಂಡ. ಆ ಕೈಯ ಏಟು ತಿಂದ ಮಾರ್ವಿನ್ ಹ್ಯಾಗ್ಲರ್ ಮೂರನೇ ಸುತ್ತಿನಲ್ಲಿ ಅವನನ್ನು ಮಲಗಿಸಿದ. ಗ್ಲೌಸ್ ಮುಖ್ಯವಾಗಿ ಕಾಪಾಡುವುದು ಕೈಯನ್ನು. ಮೆತ್ತೆ ಏಟನ್ನು ಅಗಲಕ್ಕೆ ಹರಡುತ್ತದೆ, ಚರ್ಮ ಉಳಿಯುತ್ತದೆ. ತಲೆಗೆ ದಾಟುವ ಸಂವೇಗ ಹೆಚ್ಚುಕಡಿಮೆ ಅಷ್ಟೇ. ಕೈ ಮುರಿಯುವ ಭಯ ಕಡಿಮೆಯಾದ ಮೇಲೆ ತಲೆಗೆ ಬೀಳುವ ಏಟು ಹೆಚ್ಚಾಗುತ್ತದೆ. ಈ ಲೆಕ್ಕ ಯಾರಿಗೂ ಇಷ್ಟವಾಗುವುದಿಲ್ಲ. ನಾನು ಮೇಲೆ ಹೆಮ್ಮೆಯಿಂದ ಅಂಕಿ ಕೊಟ್ಟ ಮೆಕ್ಲೆಲನ್ 1995ರ ಫೆಬ್ರವರಿ 25ರಂದು ಲಂಡನ್ನಿನಲ್ಲಿ, ಒಂದು ತೂಕ ಮೇಲಿನ ವಿಭಾಗದಲ್ಲಿ, ನೈಜೆಲ್ ಬೆನ್‌ನನ್ನು ಮೊದಲ ಸುತ್ತಿನಲ್ಲೇ ಹಗ್ಗದಾಚೆಗೆ ಕೆಡವಿದ್ದ. ಹತ್ತನೇ ಸುತ್ತಿನಲ್ಲಿ ತಾನೇ ಸೋತು ಮೂಲೆಯಲ್ಲಿ ಕುಸಿದ. ಮಿದುಳಿನ ಮೇಲೆ ಹೆಪ್ಪುಗಟ್ಟಿದ ರಕ್ತ ತೆಗೆದರು, ಕಣ್ಣು ಮರಳಲಿಲ್ಲ.

ನನ್ನ ಓಟು ಜೂಲಿಯನ್ ಜ್ಯಾಕ್ಸನ್‌ಗೆ. 1990ರ ನವೆಂಬರ್ 24, ಸ್ಪೇನ್, ಎದುರಾಳಿ ಹೆರಾಲ್ ಗ್ರಹಾಂ. ಜ್ಯಾಕ್ಸನ್ ಸೋಲುತ್ತಿದ್ದ, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನಾಲ್ಕನೇ ಸುತ್ತಿನಲ್ಲಿ ಗ್ರಹಾಂ ಅವನನ್ನು ಹಗ್ಗದತ್ತ ಒತ್ತಿಕೊಂಡು ಮುನ್ನುಗ್ಗಿದ. ಜ್ಯಾಕ್ಸನ್ ಬಲಗೈ ಬೀಸಿದ. ಎದುರಿನಿಂದ ಬರುವ ತಲೆಯ ವೇಗ ಮುಷ್ಟಿಯ ವೇಗಕ್ಕೆ ಕೂಡಿಕೊಂಡಿತು; ಒಂದೇ ರಸ್ತೆಯಲ್ಲಿ ಎದುರುಬದುರು ಬಂದ ಎರಡು ಬಸ್ಸುಗಳ ಲೆಕ್ಕ. ನೆಲ ಮುಟ್ಟುವ ಮೊದಲೇ ಗ್ರಹಾಂಗೆ ಎಚ್ಚರ ತಪ್ಪಿತ್ತು.

ಕಳೆದ ಭಾನುವಾರ ಈ ಪಂದ್ಯವನ್ನು ಗೆಳೆಯನಿಗೆ ಮೊಬೈಲಿನಲ್ಲಿ ತೋರಿಸಿದೆ. ಮೂರು ಸಲ ನೋಡಿದ. ಟೀ ಆರಿ ಕೆನೆ ಕಟ್ಟಿತ್ತು. ಕೊನೆಗೆ ಮೊಬೈಲನ್ನು ನನ್ನ ಕೈಗೆ ಕೊಟ್ಟು, “ಇವನ ಅಪ್ಪ ಯಾವ ಗಣಿಯಲ್ಲಿದ್ದರು?” ಎಂದು ಕೇಳಿದ.